ಡಬ್ಬಿಯಲ್ಲಿ ಟ್ರೌಟ್

ನೈರೋಬಿಯ ಅಪ್ಪರ್ ಹಿಲ್‌ನ ನಮ್ಮ ಕಚೇರಿಯಲ್ಲಿ ಎಲ್ಲರಿಗೂ ಸೇರಿ ಊಟದ ಕೋಣೆ ಒಂದೇ, ಮೈಕ್ರೋವೇವ್ ಕೂಡ ಒಂದೇ. ಕೀನ್ಯಾದ ಸಹೋದ್ಯೋಗಿಗಳು ಹುರಿದ ತಿಲಾಪಿಯಾ ಮೀನನ್ನು ಅದರಲ್ಲೇ ಬಿಸಿ ಮಾಡಿಕೊಳ್ಳುತ್ತಾರೆ. ನಾನು ಉಡುಪಿ ಕಡೆಯವಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದಿನ ಮೀನಿನ ಸಾರು ಒಯ್ದಿದ್ದೆ. ಮೈಸೂರಿನವರಾದ ನಮ್ಮ ಮ್ಯಾನೇಜರ್ ನನ್ನನ್ನು ಕಿಟಕಿಯ ಬಳಿ ಕರೆದು ಕನ್ನಡದಲ್ಲಿ ಮೆಲ್ಲಗೆ ಹೇಳಿದರು:

"ಬೇಜಾರ್ ಮಾಡ್ಕೋಬೇಡಿ, ಸ್ಮೆಲ್ ಆಗುತ್ತೆ. ನೀವು ನಮ್ಮವರು ಅಂತ ಹೇಳ್ತಿದ್ದೀನಿ."

ತಿಲಾಪಿಯಾದವರಿಗೆ ಅವರು ಏನೂ ಹೇಳಲಿಲ್ಲ. ಇಂಗ್ಲಿಷಿನಲ್ಲಿ ಹಾಗೆ ಹೇಳುವ ಧೈರ್ಯ ಅವರಿಗಿರಲಿಲ್ಲ. ಅಂದಿನಿಂದ ಮೊಸರನ್ನ ಒಯ್ದು ನನ್ನ ಮೇಜಿನ ಮುಂದೆಯೇ ಒಬ್ಬಳೇ ಕುಳಿತು ತಿಂದೆ. ಆ ಕೋಪ ಮಾತ್ರ ತಣ್ಣಗಾಗಲಿಲ್ಲ.

ಆಮೇಲೆ ಗೊತ್ತಾಯಿತು, ಈ ಮ್ಯಾನೇಜರಿಗೆ ಮೀನು ಹಿಡಿಯುವ ಹುಚ್ಚು. ತಿನ್ನುವುದಕ್ಕಲ್ಲ, ಹಿಡಿದು ಬಿಡುವುದಕ್ಕೆ. ಒಂದು ಶನಿವಾರ ನಮ್ಮ ತಂಡವನ್ನೆಲ್ಲ ಅಬರ್ಡೇರ್ ಬೆಟ್ಟದಲ್ಲಿ ಟ್ರೌಟ್ ಮೀನಿರುವ ಹೊಳೆಯೊಂದಕ್ಕೆ ಕರೆದೊಯ್ದರು. ಬಿದಿರುಕಾಡಿನ ನಡುವೆ ಹರಿಯುವ ಕಂದು ಬಣ್ಣದ ನೀರು. ಕಾಲಿಟ್ಟರೆ ಮೂಳೆ ನೋಯುವಷ್ಟು ತಣ್ಣಗೆ. ಅವರು ಚೆನ್ನಾಗಿ ಕಲಿಸಿದರು, ಅದನ್ನು ಒಪ್ಪಿಕೊಳ್ಳಬೇಕು. ಇಲ್ಲಿ ಗಾಳಕ್ಕೆ ಎರೆಹುಳ ಚುಚ್ಚುವುದಿಲ್ಲ. ಗರಿ, ನೂಲು ಸುತ್ತಿ ಮಾಡಿದ ಸುಳ್ಳು ನೊಣವೇ ಗಾಳ. ತೂಕವಿರುವುದು ದಾರಕ್ಕೆ. ದಾರವನ್ನು ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳಲು ಬಿಟ್ಟು, ಆಮೇಲೆ ಮುಂದಕ್ಕೆ ಬೀಸಬೇಕು. ಮೊದಲು ಸಿಕ್ಕ ಮೀನನ್ನು ಅವರು ಒದ್ದೆ ಕೈಯಲ್ಲಿ, ಮಗುವನ್ನು ಹಿಡಿದಂತೆ ಹಿಡಿದು, ಫೋಟೋ ತೆಗೆಸಿಕೊಂಡು ನೀರಿಗೆ ಬಿಟ್ಟರು. ಇದರಲ್ಲಿ ಹಿಂಸೆಯೇ ಇಲ್ಲ, ಇದು ಬರೀ ಆಟ ಎಂದು ನಮಗೆಲ್ಲ ವಿವರಿಸಿದರು. ಗಾಳ ಚುಚ್ಚಿದ ತುಟಿಯ ಸುದ್ದಿ ಯಾರೂ ಎತ್ತಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನನ್ನ ಗಾಳಕ್ಕೂ ಒಂದು ಟ್ರೌಟ್ ಬಿತ್ತು. ಕೈಬಲೆಗೆ ತೆಗೆದುಕೊಂಡಾಗ ನೋಡಿದರೆ ಕೊಕ್ಕೆ ತುಟಿಗಲ್ಲ, ಕಿವಿರಿಗೆ ಚುಚ್ಚಿತ್ತು. ರಕ್ತ ನಿಲ್ಲುತ್ತಿರಲಿಲ್ಲ.

"ಬೇಗ ಬಿಟ್ಬಿಡಿ, ಪಾಪ" ಎಂದರು ಮ್ಯಾನೇಜರ್.

"ಇದು ಬದುಕುವುದಿಲ್ಲ ಸರ್. ಕಿವಿರು ಹರಿದಿದೆ."

"ಅದು ಅದರ ಹಣೆಬರಹ. ಕೊಲ್ಲೋ ಪಾಪ ನಮಗ್ಯಾಕೆ?"

ಮೀನು ಸಾಯುವುದು ಅವರಿಗೂ ಗೊತ್ತಿತ್ತು. ಬಂಡೆಯ ಆಚೆ, ಅವರ ಕಣ್ಣಿಗೆ ಬೀಳದಂತೆ ಸತ್ತರೆ ಸಾಕಾಗಿತ್ತು. ಕಿಟಕಿಯ ಬಳಿ ಕೇಳಿದ ಅದೇ ತಗ್ಗಿದ ದನಿ. ಜೊತೆಗೆ ಬಂದಿದ್ದ ಹೊಳೆ ಕಾವಲುಗಾರನನ್ನು ಕೇಳಿದೆ. ನಮ್ಮ ಪರವಾನಗಿಯಲ್ಲಿ ಮೀನು ಇಟ್ಟುಕೊಳ್ಳಬಹುದು ಎಂದ. ಕಲ್ಲೆತ್ತಿ ಮೀನಿನ ತಲೆಗೆ ಒಂದೇ ಏಟು ಹಾಕಿದೆ. ನನ್ನ ಅಪ್ಪ ಅಳಿವೆಯ ದಡದಲ್ಲಿ ಹಾಗೆಯೇ ಮಾಡುತ್ತಿದ್ದರು. ಸಾರಿಗೆ ಬೇಕಾದಷ್ಟು ಹಿಡಿದು ಮನೆಗೆ ಬರುತ್ತಿದ್ದರು. ನಮ್ಮ ಮನೆಯಲ್ಲಿ ಯಾರೂ ಮೀನಿನ ಜೊತೆ ಆಟವಾಡಿದವರಲ್ಲ.

"ಅಯ್ಯೋ, ಏನಮ್ಮಾ ನೀವು" ಎಂದು ಅವರು ಮುಖ ತಿರುಗಿಸಿದರು. ತಮ್ಮ ಐಸ್ ಪೆಟ್ಟಿಗೆಯಲ್ಲಿ ಅದನ್ನು ಇಡಬಾರದು ಎಂದರು. ಅದರಲ್ಲಿ ಬಿಯರ್ ಇತ್ತು. ಈ ದೇಶದಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧವಿದೆ, ಅದೂ ಸಿಗುವುದಿಲ್ಲ. ಚಿತ್ರಾನ್ನ ತಂದಿದ್ದ ಸ್ಟೀಲ್ ಡಬ್ಬಿ ತೊಳೆದು, ಮೀನಿನ ಹೊಟ್ಟೆ ಸೀಳಿ ಶುಚಿ ಮಾಡಿ, ತುಂಡರಿಸಿ ಅದರೊಳಗೆ ಹಾಕಿಕೊಂಡೆ. ನೈರೋಬಿ ಮುಟ್ಟುವವರೆಗೂ ವ್ಯಾನಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯೇ ಇತ್ತು.

ಭಾನುವಾರ ಮೆಣಸು, ಹುಣಸೆಹುಳಿ ಅರೆದು ಆ ಟ್ರೌಟಿನಿಂದ ಪುಳಿಮುಂಚಿ ಎಂಬ ನಮ್ಮೂರಿನ ಮೀನುಸಾರು ಮಾಡಿದೆ. ಸೋಮವಾರ ಅದನ್ನು ಊಟದ ಕೋಣೆಗೆ ಒಯ್ದು, ತಿಲಾಪಿಯಾದವರ ಹಿಂದೆ ಸರದಿಯಲ್ಲಿ ನಿಂತು ಬಿಸಿ ಮಾಡಿಕೊಂಡೆ. ಮ್ಯಾನೇಜರ್ ಚಹಾಕ್ಕೆ ಬಂದವರು ಡಬ್ಬಿ ನೋಡಿ ನಿಂತರು.

"ನಾನು ಅವತ್ತೇ ಹೇಳಿದ್ದೆ ಅಲ್ವಾ?" ಎಂದರು, ಕನ್ನಡದಲ್ಲಿ, ಮೆಲ್ಲಗೆ.

"ಇಂಗ್ಲಿಷಿನಲ್ಲಿ ಹೇಳಿ ಸರ್. ಇಲ್ಲಿ ಮೀನು ತಂದವರೆಲ್ಲ ಕೇಳಿಸಿಕೊಳ್ಳಲಿ."

ಅವರು ಲೋಟ ತೆಗೆದುಕೊಂಡು ಹೊರಟುಹೋದರು. ನಾನು ಎಲ್ಲರ ಜೊತೆ ಉದ್ದನೆಯ ಮೇಜಿನ ಮುಂದೆ ಕುಳಿತೆ. ಎದುರಿಗಿದ್ದವಳು ಒಂದು ತುಂಡು ಕೇಳಿ ತೆಗೆದುಕೊಂಡು, ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತಾ "ಅಸಾಂಟೆ" ಎಂದು ಸ್ವಾಹಿಲಿಯಲ್ಲಿ ಧನ್ಯವಾದ ಹೇಳಿದಳು. ನಿಜ ಹೇಳಬೇಕೆಂದರೆ, ನಮ್ಮೂರ ಬಂಗುಡೆ ಮೀನಿನ ಮುಂದೆ ಟ್ರೌಟ್ ಬಹಳ ಸಪ್ಪೆ. ಆದರೂ ಮುಳ್ಳು ಬಿಟ್ಟು ಏನೂ ಉಳಿಸಲಿಲ್ಲ.