ಅಡಿಗಿ ಮನಿ ಒಡೆಸಿದ ಬ್ಯಾಸಗಿ

ಬೆಟಗೇರಿಯ ನಮ್ಮ ಮನೆಯ ಅಡುಗೆಮನೆಗೆ ಮಣ್ಣಿನ ಮಾಳಿಗೆ ಇತ್ತು. ಜಂತಿಗಳಿಗೆ ಗೆದ್ದಲು ಹತ್ತಿ ಎಷ್ಟೋ ಕಾಲವಾಗಿದ್ದರೂ ಮುಂದಿನ ವರ್ಷ ನೋಡೋಣ ಅನ್ನುತ್ತ ದಿನ ದೂಡುತ್ತಿದ್ದೆವು. ಒಂದು ಮಳೆಗಾಲದಲ್ಲಿ ಒಲೆಯ ಮೇಲಿದ್ದ ಬೇಳೆಸಾರಿಗೆ ಮೇಲಿನಿಂದ ಹಿಡಿ ಮಣ್ಣು ಬಿತ್ತು. ಅತ್ತೆ ಅದನ್ನು ಗಮನಿಸದೆ ಬಡಿಸಿದರು. ಮೊದಲ ತುತ್ತಿಗೇ ನನ್ನ ಗಂಡ ತಾಟು ಸರಿಸಿ ಎದ್ದರು. ಕೈ ತೊಳೆದು ಬಂದವರೇ, "ಬ್ಯಾಸಗಿ ಸೂಟ್ಯಾಗ ಈ ಅಡಿಗಿ ಮನಿ ಒಡಿಸಿ ಹೊಸಾದು ಕಟ್ಟಸೂದ" ಅಂದರು.

ಆಗ ಮನೆಯಲ್ಲಿ ಇದ್ದವರು ನಾವು ಮೂವರು. ಮಗಳು ಧಾರವಾಡದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಗಂಡನಿಗೆ ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಮನೆ ನಡೆಸುತ್ತಿದ್ದವರು ಅತ್ತೆ. ಮಾವ ಇರುವ ತನಕ ಪಡಸಾಲೆಯಲ್ಲಿ ಮಗ್ಗ ನಡೆದಿತ್ತಂತೆ. ಅವರು ತೀರಿಕೊಂಡ ಮೇಲೆ ಮಗ್ಗ ಬಿಚ್ಚಿ, ನೇಕಾರ ಕಾಲು ಇಳಿಬಿಟ್ಟು ಕೂರುವ ಕುಣಿಯ ಮೇಲೆ ಹಲಗೆ ಮುಚ್ಚಿದ್ದರು. ಮಗ್ಗ ನಿಂತರೂ ಅತ್ತೆಯ ಕೈ ನಿಲ್ಲಲಿಲ್ಲ. ನಾನು ಶಾಲೆಗೆ ಹೊರಡುವುದರೊಳಗೆ ಬುಟ್ಟಿ ತುಂಬ ಜೋಳದ ರೊಟ್ಟಿ, ಒಂದು ಕಾಳುಪಲ್ಯ ಸಿದ್ಧವಿರುತ್ತಿದ್ದವು. ನಾನು ಡಬ್ಬಿ ಕಟ್ಟಿಕೊಂಡು ಹೋದರೆ ಆಯಿತು. ಹಾಗೆಯೇ ಹದಿನೆಂಟು ವರ್ಷ ನಡೆದುಬಿಟ್ಟಿತ್ತು.

ಅಡುಗೆಮನೆಯ ಸುದ್ದಿ ತೆಗೆದಾಗಲೆಲ್ಲ ಅತ್ತೆ ಸಿಟ್ಟಾಗುತ್ತಿದ್ದರು.

"ನಾ ಹ್ವಾದ ಮ್ಯಾಲೆ ಏನರ ಮಾಡ್ಕೋರಿ. ನಾ ಇರೂತನಕ ಅದನ್ನ ಮುಟ್ಟಬ್ಯಾಡ್ರಿ."

"ಅವ್ವಾ, ಮಾಳಿಗಿ ಮೈಮ್ಯಾಲೆ ಬಿದ್ರ ಏನ್ ಮಾಡ್ತಿ?" ಅಂತ ಮಗ ಕೇಳಿದರೆ, "ಬಿದ್ರ ನನ್ನ ಮ್ಯಾಲೆ ಬೀಳತೈತಿ. ನಿನಗೇನು ತ್ರಾಸ?" ಅನ್ನುತ್ತಿದ್ದರು.

ಪಡಸಾಲೆಯ ನೆಲಕ್ಕೆ ಫರಸಿ ಕಲ್ಲು ಹಾಕಿಸಿದಾಗ, ಬಚ್ಚಲುಮನೆ ತಿದ್ದಿಸಿದಾಗ ಅವರು ಒಂದು ಮಾತೂ ಆಡಿರಲಿಲ್ಲ. ಇದಕ್ಕೆ ಮಾತ್ರ ಯಾಕಿಷ್ಟು ಹಟ ಎಂದು ನಾವು ಯೋಚಿಸಲಿಲ್ಲ. ವಯಸ್ಸಾದವರ ಹಟ ಅಂದುಕೊಂಡು ಸುಮ್ಮನಾದೆವು.

ಶಾಲೆಗೆ ಸೂಟಿ ಬಿಟ್ಟ ವಾರವೇ ಕೆಲಸ ಹಿಡಿಸಿದೆವು. ಮಲ್ಲಸಮುದ್ರದಿಂದ ಮೊಪೆಡ್ ಮೇಲೆ ಬರುತ್ತಿದ್ದ ಗೌಂಡಿ ಸಣಕಲು ಮೈಯ, ಕಡಿಮೆ ಮಾತಿನ, ಅತ್ತೆಗಿಂತ ಕೆಲವೇ ವರ್ಷ ಚಿಕ್ಕವನಾದ ಮನುಷ್ಯ. ಒಡೆಯುವ ಮೊದಲು ಸಾಮಾನು ಹೊರಗೆ ತರಬೇಕಿತ್ತು. ನಾನು ಒಂದೊಂದೇ ಡಬ್ಬಿ ತರುತ್ತಿದ್ದೆ. ಅತ್ತೆ ಹೊಸ್ತಿಲಲ್ಲಿ ಕೂತು ಅದನ್ನು ನನ್ನ ಕೈಯಿಂದ ಇಸಿದುಕೊಂಡು, ಸುತ್ತ ಸವರಿ, ಮುಚ್ಚಳ ತಟ್ಟಿ, "ಇದನ್ನ ಎಲ್ಲಿ ಇಡ್ತಿ?" ಎಂದು ಕೇಳುತ್ತಿದ್ದರು. ಹೇಳಿದರೆ ಮತ್ತೆ ಕೇಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ನನಗೆ ಸಾಕಾಗಿ, "ಎಲ್ಲೋ ಒಂದ ಕಡೆ ಇಡ್ತೀನ್ರಿ ಅತ್ತಿ, ಓಡಿ ಹೊಕ್ಕಾವೇನು?" ಅಂದೆ.

ಗ್ಯಾಸಿನ ಒಲೆಯನ್ನು ಪಡಸಾಲೆಯಲ್ಲಿ ಮಗ್ಗದ ಕುಣಿಯ ಹಲಗೆಯ ಮೇಲೆ ಹೂಡಿದೆವು. ಹಿಟ್ಟಿನ ಡಬ್ಬಿ ಮಂಚದ ಕೆಳಗೆ, ಎಣ್ಣೆ ಕಿಟಕಿಯಲ್ಲಿ, ಖಾರದ ಭರಣಿ ಟಿ.ವಿ. ಮೇಜಿನ ಮೇಲೆ. ಪಾತ್ರೆ ತಿಕ್ಕಲು ಹಿತ್ತಲಿಗೆ ಹೋಗಬೇಕಿತ್ತು. ನಳಕ್ಕೆ ನೀರು ಬಂದ ದಿನ ಕೊಡ, ಬಕೆಟ್, ಕುಕ್ಕರ್ ಸಹಿತ ತುಂಬಿ ಸಾಲಾಗಿ ಇಡುತ್ತಿದ್ದೆವು. ಮಾಳಿಗೆ ಕೆಡವಿದ ಮಣ್ಣಿನ ಧೂಳು ಎಷ್ಟು ಒದ್ದೆ ಬಟ್ಟೆ ಹೊದಿಸಿದರೂ ಮೊಸರಿಗೂ ಹಾಸಿಗೆಗೂ ಬಂದು ಕೂರುತ್ತಿತ್ತು. ಮೇ ತಿಂಗಳ ಝಳ ಬೇರೆ. ಗಂಡ ಮಧ್ಯಾಹ್ನದ ಊಟವನ್ನು ಖಾನಾವಳಿಯಲ್ಲೇ ಮುಗಿಸತೊಡಗಿದರು. ಎರಡು ವಾರ ಕಳೆಯುವಷ್ಟರಲ್ಲಿ ಮನೆಯಲ್ಲಿ ಯಾರೂ ಯಾರೊಡನೆಯೂ ನೆಟ್ಟಗೆ ಮಾತಾಡುತ್ತಿರಲಿಲ್ಲ.

ಅದೇ ಹೊತ್ತಿಗೆ ಅತ್ತೆಯ ಅಡುಗೆ ಕೆಡತೊಡಗಿತು. ಒಂದು ಬೆಳಿಗ್ಗೆ ಚಹಕ್ಕೆ ಸಕ್ಕರೆಯ ಬದಲು ಉಪ್ಪು ಬಿತ್ತು. ಇನ್ನೊಂದು ದಿನ ಪಲ್ಯದಲ್ಲಿ ಎಣ್ಣೆಯೇ ಇರಲಿಲ್ಲ. ಅದು ಒಲೆಯ ಪಕ್ಕದ ಹಲಗೆಯ ಮೇಲೆ ಸುರಿದಿತ್ತು. ಕಾದ ಹಂಚಿನ ಅಂಚಿಗೆ ಕೈ ತಾಗಿಸಿಕೊಂಡರು, ಬೊಬ್ಬೆ ಎದ್ದಿತು. ತುಂಬಿಟ್ಟ ಕೊಡಕ್ಕೆ ಕಾಲು ತಾಗಿ ಪಡಸಾಲೆಯೆಲ್ಲ ನೀರಾದ ದಿನ ನನ್ನ ತಾಳ್ಮೆ ಮುಗಿಯಿತು.

"ಅತ್ತಿ, ಲಕ್ಷ್ಯ ಎಲ್ಲಿಟ್ಟೀರಿ? ಮನಿ ಒಡಿಸಿದ್ರು ಅನ್ನೂ ಸಿಟ್ಟಿಗೆ ಬೇಕಂತ ಹಿಂಗ ಮಾಡಾಕಹತ್ತೀರೇನು?"

ನಾನು ಆ ಮಾತನ್ನು ಬರೀ ಸಿಟ್ಟಿನಲ್ಲಿ ಆಡಲಿಲ್ಲ, ಖರೆ ಎಂದು ನಂಬಿಯೇ ಆಡಿದೆ. ಅತ್ತೆ ಕೈಗೆ ಸಿಕ್ಕ ಅರಿವೆ ತಗೊಂಡು ನೆಲ ಒರೆಸಲು ಕೂತರು. ನೀರು ಹರಿದದ್ದು ಬಲಗಡೆ. ಅವರು ಒರೆಸುತ್ತಿದ್ದದ್ದು ಎಡಗಡೆ. ಅದು ನನ್ನ ಕಣ್ಣಿಗೆ ಬಿತ್ತು, ಬುದ್ಧಿಗೆ ಮುಟ್ಟಲಿಲ್ಲ. ಮರುದಿನದಿಂದ ಅವರು ಒಲೆಯ ಹತ್ತಿರ ಬರುವುದನ್ನು ಬಿಟ್ಟರು. ಕಂಬಕ್ಕೆ ಬೆನ್ನು ಕೊಟ್ಟು, ಮಡಿಲಲ್ಲಿ ಕೈ ಇಟ್ಟುಕೊಂಡು ಇಡೀ ದಿನ ಕೂತಿರುತ್ತಿದ್ದರು. ನಾನು ಮಾಡಿದ ದಪ್ಪ ರೊಟ್ಟಿಯನ್ನು ಸುಮ್ಮನೆ ತಿನ್ನುತ್ತಿದ್ದರು.

ಹೀಗೆ ನಾಲ್ಕೈದು ದಿನ ಆದ ಮೇಲೆ, ಒಂದು ಮಧ್ಯಾಹ್ನ ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ಒಳಗೆ ಧಡ್ ಎಂದು ಸಪ್ಪಳವಾಯಿತು. ಓಡಿ ಹೋದೆ. ಸಿಂಕಿನ ಪೈಪಿಗಾಗಿ ಅಡುಗೆಮನೆಯ ನೆಲದಲ್ಲಿ ಮೊಣಕಾಲುದ್ದ ತೋಡಿದ್ದ ತಗ್ಗಿನಲ್ಲಿ ಅತ್ತೆ ಬಿದ್ದಿದ್ದರು. ಗೌಂಡಿ ಅಷ್ಟರಲ್ಲಿ ಬುಟ್ಟಿ ಬಿಸಾಕಿ ಬಂದು ಅವರನ್ನು ಎತ್ತುತ್ತಿದ್ದ. ಮೊಣಕಾಲು ತರಚಿತ್ತು, ಮಣಿಕಟ್ಟು ಬಾತಿತ್ತು. ಕೂರಿಸಿ ನೀರು ಕುಡಿಸಿ, ಅರಿಷಿಣ ಹಚ್ಚಿದೆ. ನಾನು ಹಿತ್ತಲಿಗೆ ಹೋದಾಗ ಗೌಂಡಿ ಹಿಂದೆಯೇ ಬಂದ.

"ಅಕ್ಕಾರ, ಒಂದ ಮಾತ ಹೇಳ್ತೀನ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ಅತ್ತ್ಯಾರಿಗೆ ಕಣ್ಣ ಕಾಣಂಗಿಲ್ಲ."

"ಏನಂತೀರಿ? ಮೊನ್ನೀತನಕ ಅವರ ಅಡಿಗಿ ಮಾಡ್ಯಾರ."

"ಭಾಳ ದಿನದಿಂದ ನೋಡಾಕಹತ್ತೀನ್ರಿ. ಮುಂದ ನಿಂತ್ರ ನನ್ನ ಮಾರಿ ನೋಡಿ ಮಾತಾಡ್ತಾರ. ಬಾಜೂಕ ನಿಂತ್ರ ನಾ ಇದ್ದದ್ದ ಗೊತ್ತಾಗಂಗಿಲ್ಲ. ತಗ್ಗಿನ ದಂಡಿಗೆ ಕೆಂಪ ಬಟ್ಟಿ ಕಟ್ಟೀನಿ, ಅದನ್ನ ತುಳಕೊಂಡ ಬಂದ್ರು. ನಮ್ಮ ಅಣ್ಣಗೂ ಹಿಂಗ ಆಗಿತ್ರಿ."

ನನಗೆ ಮೊದಲು ಸಿಟ್ಟು ಬಂತು. ನನ್ನ ಮನೆಯ ಸಂಗತಿ ಇವನಿಗೇನು ಗೊತ್ತು ಅನಿಸಿತು. ಆಮೇಲೆ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಕಲ್ಲಿನ ಮೇಲೆ ಕೂತೆ. ಸಾರಿನಲ್ಲಿ ಬಿದ್ದ ಮಣ್ಣು ನೆನಪಾಯಿತು. ಯಾವ ಡಬ್ಬಿಯನ್ನಾದರೂ ಒಂದು ಗೇಣು ಸರಿಸಿದರೆ ಅವರು ರೇಗುತ್ತಿದ್ದದ್ದು, ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಿದ್ದದ್ದು, ಮೊಮ್ಮಗಳು ಫೋಟೋ ತೋರಿಸಿದರೆ "ಚಂದ ಐತಿ" ಎಂದು ನೋಡದೆಯೇ ಹೇಳುತ್ತಿದ್ದದ್ದು. ಎಲ್ಲವೂ ನನ್ನೆದುರಿಗೇ ನಡೆದಿತ್ತು.

ಒಳಗೆ ಹೋಗಿ ಅವರ ಪಕ್ಕದಲ್ಲಿ ಕೂತೆ.

"ಅತ್ತಿ, ಎಷ್ಟ ದಿನದಿಂದ ಹಿಂಗ?"

ಅವರಿಗೂ ಇನ್ನು ಮುಚ್ಚಿಡುವುದು ಸಾಕಾಗಿತ್ತೆಂದು ಕಾಣುತ್ತದೆ.

"ಮೂರ ವರ್ಷ ಆದ್ವು. ಮೊದಲ ದಂಡೀಲೆ ಕತ್ತಲಿ ಬಂತು. ಈಗ ನಡಬರಕ ಒಂದೀಟ ಉಳದೈತಿ, ಕಿಂಡ್ಯಾಗಿಂದ ನೋಡಿಧಂಗ. ಮಾರಿ ಕಾಣತೈತಿ, ಕೈ ಕಾಣಂಗಿಲ್ಲ."

"ನಮಗ ಯಾಕ ಹೇಳಲಿಲ್ರಿ?"

"ಹೇಳಿದ್ರ ನನ್ನ ಒಲಿ ಮುಂದಿಂದ ಎಬ್ಬಿಸ್ತಿದ್ರಿ. ಅಡಿಗಿ ಮನ್ಯಾಗ ನನಗ ಕಣ್ಣ ಬೇಕಾಗಿದ್ದಿಲ್ಲ ಯವ್ವಾ. ಬಾಗಲದಿಂದ ಮೂರ ಹೆಜ್ಜಿಗೆ ಒಲಿ. ಕೈ ಎತ್ತಿದ್ರ ಉಪ್ಪು, ಅದರ ಆಚೆ ಖಾರ. ಎಲ್ಲಾ ಮೈಗೆ ಗೊತ್ತಿತ್ತು."

"ಇವತ್ತ ಒಳಗ ಯಾಕ ಹ್ವಾದ್ರಿ?"

"ಏನರ ಉಳದೈತೇನು ಅಂತ ಕೈಲೆ ನೋಡಾಕ."

ನನಗೆ ಅಳುವ ಧೈರ್ಯವೂ ಬರಲಿಲ್ಲ. ಅವರ ಬಾತ ಕೈಯನ್ನು ಹಿಡಿದುಕೊಂಡು ಕೂತೆ.

ಮರುದಿನ ಗದಗಿನ ಕಣ್ಣಿನ ದವಾಖಾನೆಗೆ ಮೂವರೂ ಹೋದೆವು. ಪರೀಕ್ಷೆ ಮುಗಿಯಲು ಅರ್ಧ ದಿನ ಹಿಡಿಯಿತು. ಪೊರೆ ಇರಬಹುದು, ಆಪರೇಷನ್ ಮಾಡಿದರೆ ಸರಿಹೋದೀತು ಎಂದು ದಾರಿಯುದ್ದಕ್ಕೂ ನಾವು ಧೈರ್ಯ ಹೇಳಿಕೊಂಡಿದ್ದೆವು. ಡಾಕ್ಟರು ಗ್ಲಾಕೋಮಾ ಅಂದರು. ಕಣ್ಣಿನ ಒಳಗೆ ಒತ್ತಡ ಹೆಚ್ಚಿ ನರ ಸಾಯುತ್ತ ಬಂದಿದೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಔಷಧಿಯಿಂದ ಉಳಿದದ್ದನ್ನು ಆದಷ್ಟು ದಿನ ಕಾಯ್ದುಕೊಳ್ಳಬಹುದು ಎಂದು ಸಾವಕಾಶವಾಗಿ ತಿಳಿಸಿದರು. "ಮೊದಲೇ ಬಂದಿದ್ದರೆ..." ಎಂದು ಶುರುಮಾಡಿ, ನಮ್ಮ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ಮನೆಗೆ ಬಂದ ಮೇಲೆ ಗಂಡ ಒಡೆದ ಅಡುಗೆಮನೆಯಲ್ಲಿ ಹೋಗಿ ನಿಂತರು. ಮೇಲೆ ಮಾಳಿಗೆ ಇರಲಿಲ್ಲ, ಬಿಸಿಲು ನೇರ ಬೀಳುತ್ತಿತ್ತು. ಎಷ್ಟು ಕರೆದರೂ ಬರಲಿಲ್ಲ. ನಾನು ಹತ್ತಿರ ಹೋದಾಗ, "ನನ್ನ ಕೈಯಾರ ಅವ್ವನ ಕಣ್ಣ ಒಡಿಸಿದೆ" ಎಂದಷ್ಟೇ ಹೇಳಿದರು. ಒಡೆಸದಿದ್ದರೆ ಇನ್ನೂ ಎಷ್ಟು ದಿನ ಗೊತ್ತಾಗುತ್ತಿರಲಿಲ್ಲವೋ ಎಂದು ನಾನು ಹೇಳಬಹುದಿತ್ತು. ಅದು ನಿಜವೂ ಆಗಿತ್ತು. ಆದರೆ ಆಗ ಬಾಯಿಗೆ ಬರಲಿಲ್ಲ.

ಹಳೆಯ ಅಡುಗೆಮನೆಯನ್ನು ಇದ್ದಂತೆಯೇ ತಿರುಗಿ ಕಟ್ಟಲು ಬರುವಂತಿರಲಿಲ್ಲ. ಗೋಡೆ ಹೋಗಿತ್ತು, ಗೋಡೆಯಲ್ಲಿ ಡಬ್ಬಿ ಇಡುತ್ತಿದ್ದ ಮಾಡಗಳೂ ಹೋಗಿದ್ದವು. ಗೌಂಡಿ ಎರಡು ದಿನ ಬೇರೆ ಕೆಲಸ ಮಾಡುತ್ತ ಏನೋ ಯೋಚಿಸಿ, ಮೂರನೆಯ ದಿನ ಅತ್ತೆಯ ಮುಂದೆ, ಅವರಿಗೆ ಕಾಣುವ ಹಾಗೆ ನೆಟ್ಟಗೆ ಬಂದು ಕೂತ.

"ಯಮ್ಮಾ, ಅಳತಿ ನೀವ ಹೇಳ್ರಿ. ನಾ ಕಟ್ಟತೀನಿ."

ಅತ್ತೆ ಮೊದಲು ಒಲ್ಲೆ ಅಂದರು. ಆಮೇಲೆ ನನ್ನ ಭುಜ ಹಿಡಿದು ಎದ್ದರು. ಬಾಗಿಲಲ್ಲಿ ನಿಂತು ಮೂರು ಹೆಜ್ಜೆ ಹಾಕಿ, "ಇಲ್ಲಿ ಒಲಿ" ಅಂದರು. ಗೌಂಡಿ ಸುಣ್ಣದ ಗೆರೆ ಎಳೆದ. ಕೈ ಚಾಚಿ, ಎತ್ತಿ, ಬಗ್ಗಿ, ಇಲ್ಲಿ ಉಪ್ಪು, ಇಲ್ಲಿ ಎಣ್ಣೆ, ಇಲ್ಲಿ ಹಿಟ್ಟು ಎಂದು ಗಾಳಿಯಲ್ಲಿ ತೋರಿಸಿದರು. ಆತ ಟೇಪು ಹಿಡಿದು ಒಂದೊಂದನ್ನೂ ಬರೆದುಕೊಂಡ. ನಿಂತು ಅಡುಗೆ ಮಾಡುವ ಗ್ರಾನೈಟ್ ಕಟ್ಟೆ ನನಗೆ. ಅದರ ಪಕ್ಕದಲ್ಲೇ ಕೂತು ರೊಟ್ಟಿ ಬಡಿಯಲು ಒಂದು ಗಿಡ್ಡ ಕಟ್ಟೆ ಅವರಿಗೆ ಎಂದಾಯಿತು. ಕಲ್ಲಿನ ಮೂಲೆಗಳನ್ನೆಲ್ಲ ಗೌಂಡಿ ಉಜ್ಜಿ ದುಂಡಗೆ ಮಾಡಿದ. ಒಲೆ ಹತ್ತಿರವಾಯಿತು ಎಂದು ಬರಿಗಾಲಿಗೆ ತಿಳಿಯಲೆಂದು ನುಣುಪು ಟೈಲ್ಸಿನ ನಡುವೆ ಒರಟು ಕಲ್ಲಿನ ಒಂದು ಪಟ್ಟಿ ಕೂರಿಸಿದ. ಅದನ್ನು ನಾವು ಯಾರೂ ಹೇಳಿರಲಿಲ್ಲ. ತನ್ನ ಅಣ್ಣನ ಮನೆಯಲ್ಲಿ ಹಾಗೆ ಮಾಡಿದ್ದನಂತೆ.

ಇಷ್ಟೆಲ್ಲ ಮಾಡಿದರೂ ಹೊಸ ಅಡುಗೆಮನೆ ಅತ್ತೆಗೆ ಬೇಗ ಒಗ್ಗಲಿಲ್ಲ. ಮೊದಲ ದಿನ ಒಳಗೆ ಕಾಲಿಟ್ಟು ನಿಂತು ಕಿವಿಗೊಟ್ಟರು. ಮಣ್ಣಿನ ಮಾಳಿಗೆ ಸಪ್ಪಳ ನುಂಗುತ್ತಿತ್ತು. ಸಿಮೆಂಟಿನ ಛತ್ತು ಅದನ್ನು ತಿರುಗಿ ಎಸೆಯುತ್ತಿತ್ತು. "ಇಲ್ಲಿ ದನೀನ ಬ್ಯಾರೆ ಐತಿ" ಎಂದು ಹೊರಗೆ ಬಂದುಬಿಟ್ಟರು. ಶಾಲೆ ಶುರುವಾದ ಮೇಲೂ ನಾನು ಬೆಳಿಗ್ಗೆ ಒಂದು ತಾಸು ಬೇಗ ಎದ್ದು ಅವರ ಜೊತೆ ನಿಲ್ಲುತ್ತಿದ್ದೆ. ಡಬ್ಬಿಗಳಿಗೆ ದಾರ ಕಟ್ಟಿದೆವು, ಉಪ್ಪಿಗೆ ಒಂದು ಗಂಟು, ಸಕ್ಕರೆಗೆ ಎರಡು. ಹೊಸ ಲೈಟರು, ಹೊಸ ನಲ್ಲಿಯನ್ನು ಕಲಿತರು. ಒಗ್ಗರಣೆ ಹಾಕುವುದನ್ನು ಮಾತ್ರ ತಾವಾಗಿಯೇ ಬಿಟ್ಟುಕೊಟ್ಟರು. "ಸಿಡಿಯೂ ಎಣ್ಣಿ ನಿನ್ನ ಪಾಲಿಗೆ" ಅಂದರು. ರೊಟ್ಟಿ ಅವರು ಬಡಿದರೆ ನಾನು ಬೇಯಿಸಿದೆ.

ಪಡಸಾಲೆಯಲ್ಲಿ ನಾನಾಡಿದ ಮಾತಿಗೆ ತಪ್ಪಾಯಿತು ಎಂದು ಹೇಳಲು ನನಗೆ ದೀಪಾವಳಿ ತನಕ ಆಗಲಿಲ್ಲ. ಹೇಳಿದಾಗ ಅತ್ತೆ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. "ನಾನೂ ಮೂರ ವರ್ಷ ನಿಮಗ ಸುಳ್ಳ ಹೇಳೀನಿ. ಬಿಡ್ ಅದನ್ನ" ಅಂದರು. ಆದರೆ ಅವರ ಸುಳ್ಳು ಮತ್ತು ನನ್ನ ಮಾತು ಒಂದೇ ತೂಕದವಲ್ಲ. ಅದು ನನಗೆ ಗೊತ್ತಿದೆ.

ಎರಡು ವರ್ಷ ದಿನಾ ಔಷಧಿ ಹಾಕಿದರೂ ಉಳಿದಿದ್ದ ಆ ಕಿಂಡಿಯೂ ಸಾವಕಾಶ ಮುಚ್ಚಿಕೊಂಡಿತು. ಒಂದು ದಿನ ಬೆಳಿಗ್ಗೆ ಎದ್ದು, "ಇವತ್ತ ನಿನ್ನ ಮಾರೀನೂ ಕಾಣವಲ್ದು" ಅಂದರು. ಅಂದು ರೊಟ್ಟಿ ಬಡಿಯಲಿಲ್ಲ. ಮರುದಿನ ಬಡಿದರು.

ಈ ಸಲದ ನಾಗರ ಪಂಚಮಿಗೆ ಉಂಡಿ ಕಟ್ಟುತ್ತ ಇಬ್ಬರೂ ಅಡುಗೆಮನೆಯಲ್ಲಿ ಕೂತಿದ್ದೆವು. ಡಂಬಳದಿಂದ ಅವರ ಸಣ್ಣಂದಿನ ಗೆಳತಿಯೊಬ್ಬರು ಬಂದು, ಬಾಗಿಲಲ್ಲಿ ನಿಂತು, "ಗುರ್ತ ಹತ್ತಿತೇನ?" ಎಂದು ನಗುತ್ತ ಕೇಳಿದರು. ನಾನು ಅವಸರದಲ್ಲಿ ಹೆಸರು ಹೇಳಲು ಬಾಯಿ ತೆರೆದೆ. ಅತ್ತೆ ಕೈ ಎತ್ತಿ ನನ್ನನ್ನು ತಡೆದರು. ದನಿ ಬಂದ ಕಡೆ ಮುಖ ಮಾಡಿ,

"ನನಗ ಕಣ್ಣ ಕಾಣಂಗಿಲ್ಲವ್ವಾ. ಒಳಗ ಬಾ, ಹತ್ರ ಕುಂಡ್ರು, ಯಾರಂತ ಹೇಳು" ಅಂದರು.

ಗೆಳತಿಯ ನಗು ನಿಂತುಹೋಯಿತು. ಒಳಗೆ ಬಂದು, ಗಿಡ್ಡ ಕಟ್ಟೆಯ ಪಕ್ಕ ಕೂತು, ಅತ್ತೆಯ ಕೈ ಹಿಡಿದು ತಮ್ಮ ಹೆಸರು ಹೇಳಿದರು. ನಾನು ಚಹಕ್ಕೆ ನೀರಿಟ್ಟೆ.