ನಾಲ್ಕನೆಯದನ್ನು ಗುಂಪಿಗೆ ಸೇರಿಸಿದ ದಿನ

ದೀಪಾವಳಿ ಮುಗಿದ ಎರಡನೇ ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಬೆಟಗೇರಿಯ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು: ನಾನು, ನನ್ನ ಹೆಂಡತಿ, ಲಕ್ಷ್ಮೇಶ್ವರದಿಂದ ಬೆಳಗಿನ ಬಸ್ಸಿಗೆ ಬಂದ ನನ್ನ ತಂಗಿ, ನಮ್ಮ ಮೂರು ಗಿನಿಪಿಗ್‌ಗಳು ಮತ್ತು ತಂಗಿಯದೊಂದು. ನಾಲ್ಕೂ ಹೆಣ್ಣು.

ನಾನು ಮೂವತ್ತೊಂದು ವರ್ಷ ಹಾಸ್ಟೆಲ್ ಸೂಪರಿಂಟೆಂಡೆಂಟ್ ಆಗಿದ್ದವನು. ಯಾವುದನ್ನು ಹೇಳಬೇಕಾದರೂ ವೇಳೆ, ಸ್ಥಳ, ಹಾಜರಿಯಿಂದಲೇ ಶುರುಮಾಡುತ್ತೇನೆ. ಆ ದಿನ ಶುರುವಾಗುವ ಹೊತ್ತಿಗೇ ನಾನು ದಣಿದಿದ್ದೆ.

ಎದುರು ಮನೆಯಲ್ಲಿದ್ದ ಬ್ಯಾಂಕಿನವರು ವರ್ಗವಾಗಿ ಹೋಗುವಾಗ, ಎಂಟು ದಿನ ನೋಡಿಕೊಳ್ಳಿರೆಂದು ಬಿಟ್ಟುಹೋದ ಮೂರು ಪ್ರಾಣಿಗಳು ನಾಲ್ಕು ವರ್ಷದಿಂದ ನಮ್ಮಲ್ಲೇ ಇವೆ. ಅವುಗಳನ್ನು ನೋಡಿ ಆಸೆಪಟ್ಟ ತಂಗಿ ತಾನೂ ಎರಡನ್ನು ತಂದುಕೊಂಡಳು. ಈ ಮಳೆಗಾಲದಲ್ಲಿ ಒಂದು ಸತ್ತುಹೋಯಿತು. ಉಳಿದ ಬಿಳಿಯದನ್ನು ಆಕೆ ತನ್ನ ಮಂಚದ ಪಕ್ಕದಲ್ಲೇ ಇಟ್ಟುಕೊಂಡಳು. ಆಕೆಗೆ ಮೊದಲಿನಿಂದಲೂ ದಮ್ಮು. ಒಣಹುಲ್ಲಿನ ಧೂಳು, ಕೂದಲು ಎರಡೂ ಆಗುವುದಿಲ್ಲ, ಪ್ರಾಣಿಯನ್ನು ಯಾರಿಗಾದರೂ ಕೊಟ್ಟುಬಿಡಿ ಎಂದು ಗದಗಿನ ಡಾಕ್ಟರರು ಹೇಳಿದ್ದರು. ಆಕೆ ಎರಡು ತಿಂಗಳು ಆ ಮಾತನ್ನು ಯಾರಿಗೂ ತಿಳಿಸದೆ, ಬಾಯಿಗೆ ದಮ್ಮಿನ ಪಂಪು ಹೊಡೆದುಕೊಳ್ಳುತ್ತ ಕೂತಳು. ಒಂದು ದಿನ ಫೋನಿನಲ್ಲಿ ಆಕೆಯ ಉಸಿರು ಕೇಳಿ ನಾನೇ ಗದರಿಸಿ, ಬಿಳಿಯದನ್ನು ಇಲ್ಲಿಗೆ ತರಿಸಿದೆ.

ಹೊಸದನ್ನು ಒಮ್ಮೆಲೇ ಹಳೆಯವುಗಳ ಜೊತೆ ಬಿಡಬಾರದು, ರೋಗವಿದ್ದರೆ ಹರಡುತ್ತದೆ. ಹದಿನಾರು ದಿನ ಹಿಂದಿನ ಕೋಣೆಯಲ್ಲಿ ಇರಿಸಿದೆ. ಬೇರೆ ಬಕೆಟ್ಟು, ಬೇರೆ ಕಸಬರಿಗೆ, ಆ ಕೋಣೆಗೆ ಹೋಗುವಾಗ ಬೇರೆ ಅಂಗಿ. ದಿನಕ್ಕೆ ಎರಡು ಸಲ ಗುಡಿಸುತ್ತಿದ್ದವನು ನಾಲ್ಕು ಸಲ ಗುಡಿಸಿದೆ. ಮೊಣಕಾಲು ಊದಿತು.

"ಅಲ್ರೀ, ಒಂದು ಇಲಿಗೆ ಇಷ್ಟು ಕಾನೂನಾ?" ಎಂದಳು ಹೆಂಡತಿ. "ನನ್ನ ಲಗ್ನಾ ಮಾಡ್ಕೊಂಡು ಕರಕೊಂಡು ಬಂದಾಗ ಒಂದು ದಿನಾನೂ ಹೀಂಗ ನೋಡಿರ್ಲಿಲ್ಲ."

ಆ ಭಾನುವಾರ ತಂಗಿ ಬಂದದ್ದೇ ತನ್ನ ಷರತ್ತು ಹೇಳಿದಳು. "ಅಣ್ಣಾ, ಇವತ್ತು ಕೂಡಿದ್ರ ಕೂಡ್ಲಿ. ಇಲ್ಲಾಂದ್ರ ನಾ ಸಂಜಿ ಬಸ್ಸಿಗೆ ವಾಪಸ್ ಒಯ್ತೀನಿ. ಒಬ್ಬಾಕಿನ್ನ ಕತ್ತಲ ಕೋಣ್ಯಾಗ ಇಡೂದಾದ್ರ ನಮ್ಮನ್ಯಾಗ ಇರ್ಲಿ."

"ನಿನ್ನ ದಮ್ಮು?"

"ಅದು ಅಕಿಗಿಂತ ಮೊದ್ಲಿಂದ ಐತಿ."

ಹಟಮಾರಿ. ಒಯ್ದರೆ ಮತ್ತೆ ಮಂಚದ ಪಕ್ಕದಲ್ಲೇ ಇಡುತ್ತಾಳೆ, ಈ ಸಲ ಫೋನಿನಲ್ಲೂ ಉಸಿರು ಕೇಳಿಸದ ಹಾಗೆ ನೋಡಿಕೊಳ್ಳುತ್ತಾಳೆ ಎಂದು ನನಗೆ ಗೊತ್ತಿತ್ತು.

ಪಡಸಾಲೆಗೆ ನಮ್ಮ ಮೂರೂ ಯಾವತ್ತೂ ಬಂದಿರಲಿಲ್ಲ. ಯಾರ ಜಾಗವೂ ಅಲ್ಲದ ಕಡೆ ಭೇಟಿ ಮಾಡಿಸಬೇಕೆಂದು ಅಲ್ಲಿ ಒಗೆದ ಚಾದರ ಹಾಸಿ, ನಾಲ್ಕನ್ನೂ ಒಟ್ಟಿಗೆ ಬಿಟ್ಟೆ. ಒಂದನ್ನೊಂದು ಮೂಸಿ ನೋಡುತ್ತಿದ್ದವು. ಅಷ್ಟರಲ್ಲಿ ತಂಗಿ ಕೊತ್ತಂಬರಿಯ ಕಟ್ಟು ಬಿಚ್ಚಿ, ಬಿಳಿಯದರ ಮುಂದೆ ಮಾತ್ರ ಇಟ್ಟುಬಿಟ್ಟಳು. ನಮ್ಮ ಕಡೆ ಪಂಕ್ತಿಯಲ್ಲಿ ಹೊರಗಿನಿಂದ ಬಂದವರಿಗೆ ಮೊದಲು ನೀಡಿ, ಆಮೇಲೆ ಮನೆಯವರು ಉಣ್ಣುವುದು. ಆಕೆಯ ಕೈ ತಾನಾಗಿಯೇ ಹಾಗೆ ಹೋಯಿತು. ನಮ್ಮ ಕಂದು ಬಣ್ಣದ ಹಿರಿಯಳಿಗೆ ಈ ರೀತಿ ರಿವಾಜು ಗೊತ್ತಿಲ್ಲ. ಮೊದಲ ತುತ್ತು ತನ್ನದೆಂದೇ ನಾಲ್ಕು ವರ್ಷ ಬಾಳಿದವಳು. ಹಲ್ಲು ಕಟಕಟ ಕಡಿದು ಎರಗಿದಳು. ಬಿಳಿಯದರ ಕಿವಿಯ ಅಂಚಿನಲ್ಲಿ ರಕ್ತ ಬಂತು. ನಾನು ರಟ್ಟು ಅಡ್ಡ ಹಿಡಿದು ಬಿಡಿಸಿದೆ. ಹೆಂಡತಿ ಕಿವಿಗೆ ಅರಿಶಿಣ ಒತ್ತಿದಳು.

ಹನ್ನೊಂದಕ್ಕೆ ಎರಡನೇ ಸಲ, ಒಂದು ಗಂಟೆಗೆ ಮೂರನೇ ಸಲ. ಹಿರಿಯಳು ಹಲ್ಲು ಕಡಿದ ಕೂಡಲೇ ರಟ್ಟು ಇಳಿಸಿದೆ. ಕೆಳಗೆ ಕೂತು ಏಳುವುದು, ಮತ್ತೆ ಕೂರುವುದು. ಹುಲ್ಲಿನ ಧೂಳಿಗೆ ತಂಗಿಯ ಎದೆ ಸೀಟಿ ಹೊಡೆಯತೊಡಗಿದಾಗ ಹೆಂಡತಿ ಆಕೆಯನ್ನು ಹೊರಗಿನ ಕಟ್ಟೆಗೆ ಕಳಿಸಿದಳು. ಆಕೆ ಅಲ್ಲಿಂದಲೇ ಕಿಟಕಿಯತ್ತ ಕೂಗುತ್ತಿದ್ದಳು: "ಏನಾತು, ವೈನಿ?"

"ಏನಿಲ್ಲವ್ವಾ. ನಿಮ್ಮಣ್ಣ ಮತ್ತ ಪಂಚಾಯ್ತಿ ಮುರದ್ರು."

"ಹಂಗಾದ್ರ ಅಕೀನ್ನ ಬುಟ್ಟ್ಯಾಗ ಹಾಕ್ರಿ. ನಾ ಒಯ್ತೀನಿ."

ಹೆಂಡತಿ ನನ್ನ ಕೈಯಿಂದ ರಟ್ಟು ಕಸಿದುಕೊಂಡಳು. "ಪ್ರತಿ ಸಲಾ ಅವು ಅರ್ಧಾ ಮಾತಾಡೂದ್ರೊಳಗ ಬಿಡಸ್ತೀರಿ. ಮತ್ತ ಬಿಟ್ರ ಮೊದ್ಲಿಂದ ಶುರು ಮಾಡ್ತಾವ. ರಕ್ತ ಬಂದ್ರ ನಾನ ಬಿಡಸ್ತೀನಿ. ಇಲ್ಲಾಂದ್ರ ಬಾಯಿ ಮುಚ್ಚಿ ಕುಂಡ್ರಿ."

ಮೊದಲು ಸಿಟ್ಟು ಬಂತು. ಆದರೆ ಆಕೆ ಹೇಳಿದ್ದು ಖರೆ. ಹಾಸ್ಟೆಲಿನಲ್ಲೂ ನಾನು ಇದನ್ನೇ ಮಾಡುತ್ತಿದ್ದೆ. ಇಬ್ಬರು ದನಿ ಎತ್ತಿದರೆ ಸಾಕು, ಒಬ್ಬನ ಹಾಸಿಗೆ ಈ ತುದಿಗೆ, ಇನ್ನೊಬ್ಬನದು ಆ ತುದಿಗೆ. ಅದನ್ನೇ ಶಿಸ್ತು ಎಂದುಕೊಂಡಿದ್ದೆ. ಆ ಜಗಳಗಳು ಪರೀಕ್ಷೆಯ ತನಕ ಎಳೆದಾಡುತ್ತಿದ್ದವು, ಯಾಕೆಂದು ಒಮ್ಮೆಯೂ ಯೋಚಿಸಲಿಲ್ಲ.

ಎರಡು ಗಂಟೆಗೆ ನಾಲ್ಕನೇ ಸಲ. ಯಾರಿಗೂ ಮೊದಲು ಸಿಗದ ಹಾಗೆ ಇಡೀ ಚಾದರದ ಮೇಲೆ ಹಸಿ ಕರಿಕಿ ಹುಲ್ಲು ಚೆಲ್ಲಿದೆವು. ನಾನು ಗೋಡೆಗೆ ಒರಗಿ, ಕೈ ಕಟ್ಟಿ ಕೂತೆ. ಹಿರಿಯಳು ಗುರುಗುಡುತ್ತ, ಹಿಂಭಾಗ ಅಲ್ಲಾಡಿಸುತ್ತ ಬಿಳಿಯದನ್ನು ಸುತ್ತು ಹಾಕಿದಳು. ಅಟ್ಟಿಸಿಕೊಂಡು ಹೋದಳು, ಬೆನ್ನ ಮೇಲೆ ಏರಿದಳು. ಬಿಳಿಯದು ಕೀಂಗುಟ್ಟಿತು. ನನ್ನ ಕೈ ಎರಡು ಸಲ ಮುಂದೆ ಹೋಯಿತು, ಹೆಂಡತಿ ಎರಡು ಸಲವೂ ಚಪ್ಪೆಂದು ಹೊಡೆದಳು. ಪಕ್ಕದ ಓಣಿಯಲ್ಲಿ ಒಂದು ಮಗ್ಗದ ಸದ್ದು ನಡೆದಿತ್ತು. ಒಂದು ಸಲ ಎರಡೂ ಎದುರುಬದುರು ನಿಂತು ಮೂತಿ ಎತ್ತಿದವು. ಬಿಳಿಯದು ಮೊದಲು ಮೂತಿ ಇಳಿಸಿತು. ಹಿರಿಯಳು ಅದರ ಕಿವಿಯನ್ನು ಸಾವಕಾಶವಾಗಿ ಮೂಸಿದಳು, ಮೂಗಿಗೆ ಅರಿಶಿಣ ಹತ್ತಿತು. ಆಮೇಲೆ ತಿರುಗಿ ಹುಲ್ಲಿಗೆ ಬಾಯಿ ಹಾಕಿದಳು. ಉಳಿದೆರಡು ಮೊದಲೇ ತಿನ್ನುತ್ತಿದ್ದವು. ಬಿಳಿಯದು ಸ್ವಲ್ಪ ಹೊತ್ತು ನೋಡಿ, ಒಂದು ಎಸಳು ಎಳೆದುಕೊಂಡಿತು. ಹೊಸ ರಕ್ತ ಬರಲಿಲ್ಲ. ಅಷ್ಟಕ್ಕೆ ನಲವತ್ತು ನಿಮಿಷ ಹಿಡಿಯಿತು.

ನಾಲ್ಕಕ್ಕೆ ತಂಗಿ ಕಿಟಕಿಯ ಸರಳು ಹಿಡಿದು ನೋಡಿದಳು. ಒಳಗೆ ಬಂದು ಒಮ್ಮೆ ಎತ್ತಿಕೊಳ್ಳುತ್ತೇನೆಂದಳು. ಹೆಂಡತಿ ಬೇಡವೆಂದಳು.

"ಅಕಿ ನನ್ನ ಕಡೆ ನೋಡ್ಲೇ ಇಲ್ಲ, ವೈನಿ."

"ನೋಡಿದ್ರ ನೀ ಬಿಟ್ಟು ಹೋಗ್ತಿದ್ದೇನ?"

ತಂಗಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಬಸ್ ನಿಲ್ದಾಣದವರೆಗೆ ಆಟೋದಲ್ಲಿ ನಾನೇ ಬಿಟ್ಟು ಬಂದೆ. ಬಸ್ಸು ಹತ್ತುವಾಗ ಆಕೆ, "ಸೌತಿಕಾಯಿ ಸಿಪ್ಪಿ ತಗದು ಕೊಡು, ಕಹಿ ಇದ್ರ ಉಗುಳ್ತಾಳ," ಎಂದಳು. ಆತು ಎಂದೆ.

ಸಂಜೆ ನಾಲ್ಕನ್ನೂ ಒಂದೇ ಗೂಡಿಗೆ ಹಾಕಿದೆವು. ಏಳು ಗಂಟೆಗೆ ನಮ್ಮ ಮೂರು ಒಂದಕ್ಕೊಂದು ಅಂಟಿಕೊಂಡು ಮಲಗಿದ್ದವು. ಬಿಳಿಯದು ಒಂದು ಗೇಣು ದೂರದಲ್ಲಿ, ಅದೇ ಗೂಡಿನಲ್ಲಿ. ಇದಕ್ಕಿಂತ ಹತ್ತಿರ ಆ ದಿನ ಆಗಲಿಲ್ಲ.

ಏಳೂವರೆಗೆ ತಂಗಿಯ ಫೋನು. ಮುಟ್ಟಿದೆ ಎಂದಳು. ಗಿನಿಪಿಗ್ಗಿನ ಸುದ್ದಿ ಹೇಳಿದೆ. ನಡುವೆ ಎರಡು ಸಲ ಕೆಮ್ಮಿದಳು. ಮಂಚದ ಸುತ್ತ ತನ್ನ ಸೊಸೆ ಒದ್ದೆ ಬಟ್ಟೆಯಿಂದ ಒರೆಸಿದ್ದಾಳೆ, ಇನ್ನು ಹುಲ್ಲಿನ ಚೀಲವನ್ನೂ ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದಳು. ನಾಳೆಯೇ ಕೊಡು ಎಂದೆ. ಹೂಂ ಎಂದಳು.

ಹೆಂಡತಿ ಆಗಲೇ ಅಡ್ಡಾಗಿದ್ದಳು. ನಾನು ಪಡಸಾಲೆಯ ಚಾದರವನ್ನು ಹಿತ್ತಲಲ್ಲಿ ಝಾಡಿಸಿ, ಸಾಬೂನು ನೀರಿನಲ್ಲಿ ನೆನೆಹಾಕಿ, ಕುಕ್ಕಿ, ಹಿಂಡಿ, ತಂತಿಯ ಮೇಲೆ ಹರವಿದೆ. ಎಂಟು ಗಂಟೆ ಹತ್ತು ನಿಮಿಷ.