ಹೆಡ್‌ಫೋನ್ ತೆಗೆದಿಟ್ಟ ಮಧ್ಯಾಹ್ನ

ನನಗೆ ಮಾತು ಕಡಿಮೆ. ಡಿಗ್ರಿ ಮುಗಿಸಿ ವಿಡಿಯೋ ಕೆಲಸಕ್ಕೆ ಸೇರುತ್ತೇನೆಂದಾಗ, ಬಾಯಿ ಬಿಡದವಳಿಗೆ ಮೀಡಿಯಾದಲ್ಲಿ ಏನು ಕೆಲಸ ಎಂದು ಮನೆಯವರು ನಕ್ಕಿದ್ದರು. ಉಪ್ಪಾರಹಳ್ಳಿಯ ತಮ್ಮ ಮನೆಯ ಮಹಡಿಯಲ್ಲೇ ಸ್ಟುಡಿಯೋ ನಡೆಸುತ್ತಿದ್ದ, ನಾನು ಅಕ್ಕ ಎಂದು ಕರೆಯುವ ಪರಿಚಯದವರು ಮಾತ್ರ ನಗಲಿಲ್ಲ. ಮದುವೆ ವಿಡಿಯೋಗಳ ನಡುವೆ ಬಿಡುವು ಸಿಕ್ಕಾಗಲೆಲ್ಲ ಅವರು ಕೈಕಸುಬಿನವರ ಬಗ್ಗೆ ಪುಟ್ಟ ಚಿತ್ರಗಳನ್ನು ಮಾಡುತ್ತಿದ್ದರು. ಮೈಕು, ಹೆಡ್‌ಫೋನು ನನ್ನ ಕೈಗಿತ್ತು, ಕೇಳಿಸಿಕೊಳ್ಳುವುದು ನಿನ್ನ ಕೆಲಸ ಎಂದರು.

ಒಮ್ಮೆ ನಿಟ್ಟೂರಿಗೆ ಹೋದೆವು. ಹಳೆ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಕೌದಿ ಹೊಲಿಯುವ ಅಜ್ಜಿಯ ಮನೆ, ರೈಲು ಹಳಿಯ ಪಕ್ಕದಲ್ಲೇ. ಅವರ ಸೆರಗಿಗೆ ತಂತಿಯಿಲ್ಲದ ಪುಟ್ಟ ಕಾಲರ್ ಮೈಕ್ ಸಿಕ್ಕಿಸಿದೆ. ರೈಲು ಬಂದಾಗಲೆಲ್ಲ ನಿಲ್ಲಿಸಿ, ಅದು ಹೋದ ಮೇಲೆ ಮತ್ತೆ ಶುರು ಮಾಡುತ್ತಿದ್ದೆವು. ಮಾತಿನ ನಡುವೆ ಅಜ್ಜಿ, ಇದ್ದೊಬ್ಬ ಮಗಳು ಕಾಯಿಲೆ ಬಿದ್ದು ತೀರಿಕೊಂಡಳೆಂದು ಹೇಳಿ, ಕಾಫಿ ಇಡುತ್ತೇನೆಂದು ಎದ್ದು ಅಡುಗೆಮನೆಗೆ ಹೋದರು. ಮೈಕ್ ತೆಗೆಯಲು ಯಾರಿಗೂ ನೆನಪಾಗಲಿಲ್ಲ. ಅಕ್ಕ ಜಗಲಿಯಲ್ಲಿ ಕ್ಯಾಮೆರಾ ಸರಿಮಾಡುತ್ತಿದ್ದರು. ನನ್ನ ಕಿವಿಯೊಳಗೆ ಅಜ್ಜಿಯ ದನಿ ಮೆಲ್ಲಗೆ ಕೇಳಿಸಿತು.

“ಬಂದವ್ರೆ ಕಣವ್ವ. ನಿನ್ ಹಸಿರು ಸೀರೇ ಕೌದಿ ತೋರಿಸ್ಲಾ, ಬ್ಯಾಡ್ವಾ?”

ಒಳಗೆ ಬೇರೆ ಯಾರೂ ಇರಲಿಲ್ಲ. ನಾನು ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡೆ. ರೆಕಾರ್ಡಿಂಗ್ ನಿಲ್ಲಿಸಿದೆ. ಮಗಳು ಏನು ಹೇಳಿದಳೋ, ಅದು ಅವರಿಬ್ಬರಿಗೇ ಇರಲಿ ಅನಿಸಿತು.

ಕಾಫಿ ತಂದ ಅಜ್ಜಿ ಕೌದಿಗಳನ್ನು ಒಂದೊಂದಾಗಿ ಬಿಡಿಸಿದರು. ಹಸಿರಿನದೊಂದು ಮಂಚದ ಮೂಲೆಯಲ್ಲಿ ಮಡಿಸಿದಂತೆಯೇ ಉಳಿಯಿತು. ಆ ಬಣ್ಣ ಕ್ಯಾಮೆರಾದಲ್ಲಿ ಚೆನ್ನಾಗಿ ಬರುತ್ತದೆ, ಅದನ್ನೂ ತೋರಿಸಿ ಎಂದು ಅಕ್ಕ ಕೇಳಿದರು. ಅಜ್ಜಿಯ ಕೈ ಅಲ್ಲೇ ನಿಂತಿತು.

“ಬೇಡ ಅಕ್ಕ, ಇಷ್ಟು ಸಾಕು,” ಎಂದೆ. ಶೂಟಿಂಗ್ ನಡೆಯುವಾಗ ನಾನಾಗಿ ಬಾಯಿಬಿಟ್ಟದ್ದು ಅದೇ ಮೊದಲು. ಅಕ್ಕ ನನ್ನ ಮುಖ ನೋಡಿದರು. ಕ್ಯಾಮೆರಾವನ್ನು ಬೇರೆ ಕೌದಿಗಳ ಕಡೆಗೆ ತಿರುಗಿಸಿದರು.

ವಾಪಸ್ ಬರುವಾಗ ಗುಬ್ಬಿಯಲ್ಲಿ ಟೀ ಕುಡಿಯಲು ಸ್ಕೂಟರ್ ನಿಲ್ಲಿಸಿದಾಗ ಎಲ್ಲವನ್ನೂ ಹೇಳಿದೆ. ಅಕ್ಕ ಟೀ ಲೋಟ ಕೆಳಗಿಟ್ಟರು. ಆಮೇಲೆ, ರೆಕಾರ್ಡ್ ಆಗಿದ್ದ ಆ ಒಂದು ಮಾತನ್ನೂ ಅಲ್ಲೇ ಅಳಿಸಿಬಿಡಲು ಹೇಳಿದರು.

“ಮಿಷನ್ ಯಾರು ಬೇಕಾದ್ರೂ ಕಲೀತಾರೆ ಕಣೇ. ಇನ್ಮೇಲೆ ಸೌಂಡ್ ಪೂರ್ತಿ ನಿಂದೇ,” ಎಂದರು.

ಚಿತ್ರ ಮುಗಿದ ಮೇಲೆ ಲ್ಯಾಪ್‌ಟಾಪ್ ಹೊತ್ತು ಮತ್ತೆ ನಿಟ್ಟೂರಿಗೆ ಹೋದೆವು. ಅಕ್ಕಪಕ್ಕದ ಹೆಂಗಸರೆಲ್ಲ ಬಂದು ಕೂತರು. ಸೂಜಿ ಬಟ್ಟೆಯನ್ನು ಚುಚ್ಚುವ ಸಣ್ಣ ಸದ್ದು, ಅದರ ಹಿಂದೆ ದಾರ ಸರಿಯುವ ಸದ್ದು ಮನೆಯನ್ನೆಲ್ಲ ತುಂಬಿತು. ಅಜ್ಜಿ ಕಿವಿಗೊಟ್ಟು ಕೇಳಿದರು. ಇಷ್ಟು ವರ್ಷ ಹೊಲಿದರೂ ದಾರಕ್ಕೆ ದನಿಯಿದೆ ಎಂದು ತಮಗೆ ಗೊತ್ತೇ ಇರಲಿಲ್ಲ ಎಂದು ನಕ್ಕು, ನನ್ನನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡರು. ಇನ್ನೊಂದು ಸಲ ಹಾಕು ಎಂದರು.